ಸ್ನೇಹ ಕ್ಲಿನಿಕ್: ಸ್ವಲ್ಪ ಜೋರಾಗಿ ಹೇಳಮ್ಮಾ

ಹದಿಹರೆಯದವರ ಜೊತೆ ಹೇಗೆ ಮಾತಾಡಬೇಕು ಅಂತ ಆಸ್ಪತ್ರೆ ಸಿಬ್ಬಂದಿಗೆ ಮತ್ತೊಂದು ತರಬೇತಿ ಮುಗಿಯಿತು. ಅದರ ಫೋಟೋ ನೋಡಿದೆ. ಒಂದೇ ದೀಪ ಹಚ್ಚಲು ಒಂಬತ್ತು ಕೈ, ಹಿಂದೆ ಗೋಡೆ ತುಂಬ ಫ್ಲೆಕ್ಸು. ಹದಿಹರೆಯದವರು ಒಬ್ಬರೂ ಇಲ್ಲ. ಬಂದರೆ ಸುಮ್ನೆ ಪ್ರಶ್ನೆ ಕೇಳುತ್ತಾರೆ.

ಇಂಥ ತರಬೇತಿಯಲ್ಲಿ ನನಗೆ ಇಷ್ಟವಾಗುವುದು ನಾಟಕದ ಭಾಗ. ನಿವೃತ್ತಿಗೆ ಎರಡು ವರ್ಷ ಉಳಿದ ಡಾಕ್ಟರು ಹದಿನಾರರ ಹುಡುಗಿಯಾಗಿ ತಲೆ ತಗ್ಗಿಸಿ ಕೂರುತ್ತಾರೆ. ಎದುರಿನ ಸಿಸ್ಟರ್ 'ಹೇಳು ಪುಟ್ಟಾ, ಯಾರಿಗೂ ಹೇಳಲ್ಲ' ಅಂತಾರೆ. ಡಾಕ್ಟರು ನಾಚಿಕೊಂಡು ಸೆರಗಿನಂತೆ ಟವೆಲ್ ಎಳೆದುಕೊಳ್ಳುತ್ತಾರೆ. ಸಭೆ ಬಿದ್ದು ಬಿದ್ದು ನಗುತ್ತದೆ. ಯಾರಿಗೂ ಹೇಳಲ್ಲ ಅನ್ನುವುದೇನೋ ಸರಿ, ಆದರೆ 18 ತುಂಬದವರ ದೈಹಿಕ ಸಂಬಂಧ ಗೊತ್ತಾದರೆ, ಇಬ್ಬರೂ ಒಪ್ಪಿದ್ದರೂ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಆಗ ಪುಟ್ಟನಿಗೆ ಏನು ಹೇಳುವುದು? ಅಷ್ಟರಲ್ಲಿ ಟೀ ಬಂತು.

ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಗಿದ್ದು 2014ರಲ್ಲಿ, 10ರಿಂದ 19 ವಯಸ್ಸಿನವರಿಗೆ. ಅವರಿಗೆಂದೇ ಇರುವ ಕ್ಲಿನಿಕ್ಕಿಗೆ ನಮ್ಮಲ್ಲಿ ಸ್ನೇಹ ಅಂತ ಮುದ್ದಾದ ಹೆಸರು. ಅದು ತೆರೆದಿರುವ ಹೊತ್ತಿಗೆ ಮಕ್ಕಳು ಶಾಲೆಯಲ್ಲಿರುತ್ತಾರೆ. ಸ್ನೇಹಕ್ಕಾಗಿ ಕ್ಲಾಸಿಗೆ ಚಕ್ಕರ್ ಹೊಡೆಯಬೇಕು.

ಅಕ್ಕನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅದಕ್ಕೂ ಮುಂಚೆ ಮಕ್ಕಳ ಡಾಕ್ಟರು 'ದೊಡ್ಡವಳಾಗಿದ್ದಾಳಲ್ಲ' ಅಂದಿದ್ದರು, ದೊಡ್ಡವರ ಡಾಕ್ಟರು 'ಇನ್ನೂ ಚಿಕ್ಕವಳು' ಅಂದಿದ್ದರು. ಸರಿ, ಇಲ್ಲಿಗೆ ಬಂದೆವು. ಗೋಡೆಯ ಮೇಲೆ 'ಗೋಪ್ಯತೆ ಕಾಪಾಡಲಾಗುವುದು' ಅಂತ ಬರೆದಿತ್ತು. ಅದರ ಕೆಳಗೇ ಬಿಪಿ ನೋಡಿಸುವವರ ಸಾಲು, ಇನ್ನೊಂದು ಮೂಲೆಯಲ್ಲಿ ಇಂಜೆಕ್ಷನ್.

'ಮುಟ್ಟಿನ ತೊಂದರೆ ಯಾರಮ್ಮಾ? ಎಷ್ಟು ತಿಂಗಳಾಯ್ತು? ಕೇಳಿಸ್ತಿಲ್ಲ, ಜೋರಾಗಿ ಹೇಳು' ಅಂತ ಸಿಸ್ಟರ್ ಕೂಗಿದರು.

ಇಡೀ ಸಾಲು ತಿರುಗಿ ನೋಡಿತು. ಒಬ್ಬ ಅಜ್ಜಿ ಕರಿಎಳ್ಳು ಬೆಲ್ಲ ತಿನ್ನು ಅಂದರು. ಅವತ್ತು ಅವಳಿಗೆ ಸಿಕ್ಕ ಕೌನ್ಸೆಲಿಂಗ್ ಅಷ್ಟೇ. ಒಳಗೆ ಡಾಕ್ಟರು ತಲೆ ಎತ್ತದೆ 'ಮೊಬೈಲ್ ಜಾಸ್ತಿ ನೋಡ್ತೀಯಾ?' ಅಂತ ಕೇಳಿ ಐರನ್ ಮಾತ್ರೆ ಬರೆದರು.

ಸಿಸ್ಟರನ್ನು ಬಯ್ಯೋಣ ಅಂದರೆ ಬಾಯಿ ಬರುವುದಿಲ್ಲ. ಗರ್ಭಿಣಿಯರ ತಪಾಸಣೆ, ಲಸಿಕೆ, ಪೋಲಿಯೊ, ರಾತ್ರಿ ಕೂತು ಆನ್‌ಲೈನ್ ಎಂಟ್ರಿ, ಎಲ್ಲ ಅವರದೇ. ಮೆಲ್ಲಗೆ ಮಾತಾಡಬೇಕು ಅಂತ ಅವರಿಗೂ ಗೊತ್ತು, ತರಬೇತಿ ಆಗಿದೆ. ಮೆಲ್ಲಗೆ ಹೇಳಿದರೆ ಆ ಗದ್ದಲದಲ್ಲಿ ಕೇಳಿಸಬೇಕಲ್ಲ! ಒಂದು ಪರದೆ ಕೊಡಿಸಿ ಅಂತ ಬರೆದುಕೊಟ್ಟು ಎಂಟು ತಿಂಗಳಾಯಿತಂತೆ. ದುಡ್ಡಿಲ್ಲವಂತೆ. ಫ್ಲೆಕ್ಸಿಗೆ ಮಾತ್ರ ಪ್ರತಿ ಸಲ ಇರುತ್ತದೆ. ಸಾಕಾಗಿ ಹೋಗಿದೆ ಕಣ್ರೀ. ಧೈರ್ಯ ಮಾಡಿ ಬಂದ ಹುಡುಗಿಯನ್ನು ಹೀಗೆ ಬೀದಿಗೆ ನಿಲ್ಲಿಸಿ ಕಳಿಸುವುದಾದರೆ ಆ ಬೋರ್ಡನ್ನಾದರೂ ತೆಗೆಯಿರಿ.

ಹೊರಗೆ ಬರುವಾಗ ನೋಡಿದೆ. ಹಳೆಯ ತರಬೇತಿಯ ಫ್ಲೆಕ್ಸು ಜನರೇಟರ್ ಮೇಲೆ ಹೊದಿಸಿತ್ತು, ಮಳೆಯಲ್ಲಿ ನೆನೆಯದ ಹಾಗೆ.