ಯುರೋಪಿನ ಬಜೆಟ್ ತಿದ್ದುವ ಹಕ್ಕು ಪಾರ್ಲಿಮೆಂಟಿಗೆ ಬೇಕಾ? ಪರ-ವಿರೋಧ

ಪರ: ಕತ್ತರಿ ಹಿಡಿದವರನ್ನು ತಡೆಯಲು ಯಾರಾದರೂ ಬೇಕಲ್ವಾ?

ನಮ್ಮ ಲೋಕಸಭೆಯಲ್ಲಿ ಒಬ್ಬ ಸಂಸದರು ಒಂದು ಇಲಾಖೆಗೆ ಇಟ್ಟ ಹಣ ಕಡಿಮೆ ಮಾಡಿ ಎಂದು ಕೇಳಬಹುದು. ಜಾಸ್ತಿ ಮಾಡಿ ಎಂದು ಸೂಚನೆ ತರುವಂತಿಲ್ಲ. ಯುರೋಪಿಯನ್ ಪಾರ್ಲಿಮೆಂಟ್ ಹಾಗಲ್ಲ. ಅಲ್ಲಿ ಯುರೋಪಿಯನ್ ಒಕ್ಕೂಟದ 27 ದೇಶಗಳ 720 ಸದಸ್ಯರು ಪ್ರತಿ ವರ್ಷ ಅಕ್ಟೋಬರ್ ಹೊತ್ತಿಗೆ ಬಜೆಟ್ಟಿನ ಒಂದೊಂದು ಸಾಲನ್ನೂ ತಿದ್ದುತ್ತಾರೆ, ಬೇಕೆನಿಸಿದ ಕಡೆ ಹಣ ಏರಿಸುತ್ತಾರೆ. ಈ ಹಕ್ಕು ಇರಲೇಬೇಕು ಎನ್ನುವುದು ನನ್ನ ವಾದ.

ಯಾಕೆ ಅಂತ ಹೇಳುವ ಮೊದಲು ಕ್ರಮ ನೋಡಿ. ಯುರೋಪಿಯನ್ ಕಮಿಷನ್, ಅಂದರೆ ಒಕ್ಕೂಟದ ಕಾರ್ಯಾಂಗ, ಬೇಸಿಗೆಯಲ್ಲಿ ಕರಡು ಕೊಡುತ್ತದೆ. ಅದು ಕೌನ್ಸಿಲ್‌ಗೆ, ಅಂದರೆ ಸದಸ್ಯ ದೇಶಗಳ ಸರ್ಕಾರಗಳ ಕೈಗೆ ಹೋಗುತ್ತದೆ. ಸರ್ಕಾರಗಳು ಹೆಚ್ಚುಕಮ್ಮಿ ಪ್ರತಿ ವರ್ಷ ಕತ್ತರಿ ಹಾಕುತ್ತವೆ, ಯಾಕೆಂದರೆ ಹಣ ಕಟ್ಟುವವರು ಅವರು, ಊರಿಗೆ ಹೋಗಿ ಲೆಕ್ಕ ಹೇಳಬೇಕಾದವರೂ ಅವರೇ. ಆಮೇಲೆ ಪಾರ್ಲಿಮೆಂಟಿಗೆ 42 ದಿನ. ತಿದ್ದುಪಡಿ ಪಾಸಾಗಲು ಬಂದವರ ಬಹುಮತ ಸಾಲದು, ಒಟ್ಟು ಸದಸ್ಯರ ಬಹುಮತ, ಅಂದರೆ 361 ವೋಟು ಬೇಕು. ಯಾವ ಪಕ್ಷಕ್ಕೂ ಅಷ್ಟು ಸದಸ್ಯರಿಲ್ಲ. ಹಾಗಾಗಿ ಎಡ, ಬಲ, ಮಧ್ಯ ಎಲ್ಲರೂ ಮೊದಲು ತಮ್ಮತಮ್ಮಲ್ಲೇ ಚೌಕಾಸಿ ಮಾಡಿಕೊಂಡು ಬರಬೇಕು. ಕೌನ್ಸಿಲ್ ಒಪ್ಪದಿದ್ದರೆ ಎರಡೂ ಕಡೆಯಿಂದ ಸಮ ಸಂಖ್ಯೆಯ ಜನ ಸೇರಿ ಒಂದು ರಾಜಿ ಸಮಿತಿ ಆಗುತ್ತದೆ. ಅದಕ್ಕೆ 21 ದಿನ ಗಡುವು.

2025ರ ಬಜೆಟ್ಟನ್ನೇ ತೆಗೆದುಕೊಳ್ಳಿ. ಕೌನ್ಸಿಲ್ ಸುಮಾರು 150 ಕೋಟಿ ಯೂರೋ ಕತ್ತರಿಸಲು ಹೊರಟಿತ್ತು. ಸಂಶೋಧನೆಗೆ ಹಣ ಕೊಡುವ ಹೊರೈಜನ್, ವಿದ್ಯಾರ್ಥಿಗಳ ಎರಾಸ್ಮಸ್, ಎರಡರ ಮೇಲೂ ಅದರ ಕಣ್ಣಿತ್ತು. ಪಾರ್ಲಿಮೆಂಟ್ ಬಿಡಲಿಲ್ಲ. ನಮ್ಮ ಕಡೆಯ ಹುಡುಗ ಹುಡುಗಿಯರೂ ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್ ಹಿಡಿದು ಯುರೋಪಿಗೆ ಓದಲು ಹೋಗುತ್ತಾರೆ, ಆದ್ದರಿಂದ ಇದು ತೀರಾ ದೂರದ ಜಗಳ ಅಲ್ಲ.

ಇನ್ನೊಂದು ವಿಷಯ ಸುದ್ದಿಯಲ್ಲಿ ಅಷ್ಟಾಗಿ ಬರುವುದಿಲ್ಲ. ಈ ಬಜೆಟ್ಟಿನಲ್ಲಿ ಎರಡು ಲೆಕ್ಕ ಇರುತ್ತದೆ. ಈ ವರ್ಷ ಯಾವ ಕೆಲಸಕ್ಕೆ ಎಷ್ಟು ಕೊಡುತ್ತೇವೆ ಎಂದು ಮಾತು ಕೊಡುವುದು ಒಂದು, ಈ ವರ್ಷ ನಿಜವಾಗಿ ಎಷ್ಟು ದುಡ್ಡು ಪಾವತಿ ಆಗುತ್ತದೆ ಎನ್ನುವುದು ಇನ್ನೊಂದು. ಸರ್ಕಾರಗಳಿಗೆ ಮಾತು ಕೊಡುವುದು ಸುಲಭ, ಫೋಟೋ ಬರುತ್ತದೆ. ಪಾವತಿಯ ಸಾಲಿಗೆ ಬಂದಾಗ ಕೈ ಹಿಂದೆ. ಹೀಗೇ ಮಾಡಿ ಮಾಡಿ 2013ರ ಕೊನೆಗೆ ಹಿಂದುಳಿದ ಪ್ರದೇಶಗಳ ಕಾಮಗಾರಿಗಳದ್ದೇ 2,300 ಕೋಟಿ ಯೂರೋಗೂ ಮೇಲೆ ಬಿಲ್ ಬಾಕಿ ನಿಂತಿತು. ಮಾತು ಕೊಟ್ಟಿದ್ದೀರಿ, ಹಣ ಎಲ್ಲಿ ಎಂದು ವರ್ಷವರ್ಷ ಬೆನ್ನು ಬಿದ್ದದ್ದು ಪಾರ್ಲಿಮೆಂಟೇ.

ಸಣ್ಣ ಸಣ್ಣ ಹೊಸ ಯೋಜನೆಗಳನ್ನು ತಾನೇ ಬಜೆಟ್ಟಿಗೆ ಸೇರಿಸುವ ದಾರಿಯೂ ಅದಕ್ಕಿದೆ. 18 ವರ್ಷದವರಿಗೆ ಯುರೋಪ್ ಸುತ್ತಲು ಉಚಿತ ರೈಲು ಪಾಸ್ ಕೊಡುವ ಡಿಸ್ಕವರ್‌ಇಯು 2018ರಲ್ಲಿ ಹಾಗೇ ಶುರುವಾಯಿತು. ಯಾವ ಹಣಕಾಸು ಮಂತ್ರಿ ತಾನಾಗಿ ಇದನ್ನು ಬರೆಯುತ್ತಿದ್ದ ಹೇಳಿ?

ವಿರೋಧ: ದುಡ್ಡು ತರುವ ಜವಾಬ್ದಾರಿ ಇಲ್ಲದವರ ತಿದ್ದುಪಡಿ

ಅದೇ 2025ರ ಬಜೆಟ್ ನಾನೂ ತೆಗೆದುಕೊಳ್ಳುತ್ತೇನೆ. ಮಾತು ಕೊಡುವ ಲೆಕ್ಕದಲ್ಲಿ ಒಟ್ಟು ಮೊತ್ತ 19,940 ಕೋಟಿ ಯೂರೋ. ಅಷ್ಟೆಲ್ಲ ಗುದ್ದಾಟದ ನಂತರ ಕಮಿಷನ್ನಿನ ಕರಡಿಗಿಂತ ಜಾಸ್ತಿ ಎಂದು ತನ್ನ ಆದ್ಯತೆಗಳಿಗೆ ಪಾರ್ಲಿಮೆಂಟ್ ಗಳಿಸಿದ್ದು ಸುಮಾರು 23 ಕೋಟಿ. ನೂರು ಯೂರೋಗೆ ಹನ್ನೆರಡು ಸೆಂಟ್ ಕೂಡ ಸರಿಯಾಗಿ ಆಗಲಿಲ್ಲ. ಕೌನ್ಸಿಲ್ ಕತ್ತರಿಸಿದ್ದನ್ನು ವಾಪಸ್ ತಂದೆವು ಎನ್ನುವುದು ಸರಿ, ಆದರೆ ಆಮೇಲೆ ಬಿಟ್ಟುಕೊಡಬಹುದು ಎಂದೇ ಕೌನ್ಸಿಲ್ ಮೊದಲು ಜಾಸ್ತಿ ಕತ್ತರಿಸುತ್ತದೆ. ಪಾರ್ಲಿಮೆಂಟೂ ಅಷ್ಟೇ, ಇಳಿಸಲಿಕ್ಕೆಂದೇ ಏರಿಸುತ್ತದೆ. ಕೊನೆಗೆ ಕಮಿಷನ್ನಿನ ಮೊದಲ ಅಂಕಿಯ ಪಕ್ಕದಲ್ಲೇ ಬಂದು ನಿಲ್ಲುತ್ತಾರೆ.

ಯಾಕೆ ಹೀಗೆ? ನಿಜವಾದ ತೀರ್ಮಾನ ಬೇರೆ ಕಡೆ ಆಗಿರುತ್ತದೆ. ಏಳು ವರ್ಷದ ಚೌಕಟ್ಟು ಒಂದಿದೆ. ಈಗಿನದು 2021ರಿಂದ 2027ರವರೆಗೆ. ಯಾವ ಬಾಬ್ತಿಗೆ ಎಷ್ಟು ಮಿತಿ ಎಂದು ಅದರಲ್ಲೇ ಬರೆದಿಟ್ಟಿದೆ. ಅದನ್ನು ಎಲ್ಲ ಸರ್ಕಾರಗಳೂ ಸರ್ವಾನುಮತದಿಂದ ಮಾಡುತ್ತವೆ, ಪಾರ್ಲಿಮೆಂಟ್ ಹೂಂ ಅಥವಾ ಊಹೂಂ ಎನ್ನಬಹುದು, ತಿದ್ದುವಂತಿಲ್ಲ. ದೊಡ್ಡದನ್ನು ತಿದ್ದಲು ಬಿಡದೆ ಚಿಲ್ಲರೆ ತಿದ್ದಲು ಬಿಟ್ಟಿದ್ದಾರೆ.

ಆದಾಯದ ಕಡೆ ಇನ್ನೂ ವಿಚಿತ್ರ. ಹಣ ಎಲ್ಲಿಂದ ಬರಬೇಕು ಎಂಬ ವಿಷಯದಲ್ಲಿ ಪಾರ್ಲಿಮೆಂಟಿನ ಅಭಿಪ್ರಾಯ ಕೇಳುತ್ತಾರೆ, ಅಷ್ಟೇ. ತೀರ್ಮಾನ ಸರ್ಕಾರಗಳದ್ದು, ಅದಕ್ಕೆ ಪ್ರತಿ ದೇಶವೂ ತನ್ನ ಕಾನೂನಿನಂತೆ ಒಪ್ಪಿಗೆ ಕೊಡಬೇಕು. ಈ ಬಜೆಟ್ಟಿನಲ್ಲಿ ಆದಾಯ ಖರ್ಚು ಸಮ ಇರಲೇಬೇಕು ಎಂದು ಒಕ್ಕೂಟದ ಮೂಲ ಒಪ್ಪಂದವೇ ಹೇಳುತ್ತದೆ. ಅಂದಮೇಲೆ ಒಬ್ಬ ಸದಸ್ಯ ಇದಕ್ಕೆ ಇನ್ನೂ ಹತ್ತು ಕೋಟಿ ಹಾಕಿ ಎಂದಾಗ ಅವನ ಮತದಾರರಿಗೆ ತೆರಿಗೆ ಏರಿಸುವ ಕಷ್ಟ ಅವನಿಗಿಲ್ಲ, ಅದು ಅವನ ದೇಶದ ಹಣಕಾಸು ಮಂತ್ರಿಯ ತಲೆನೋವು. ಇಂಥ ಜಾಗದಲ್ಲಿ ಉದಾರಿ ಆಗುವುದು ಸುಲಭ.

ಹಾಗಾದರೆ ಪೂರ್ತಿ ತಿರಸ್ಕರಿಸುವ ಅಧಿಕಾರ ಇದೆಯಲ್ಲ? ಇದೆ. 1979ರಲ್ಲಿ ಮೊದಲ ನೇರ ಚುನಾವಣೆ ಆಯಿತು, ಅದೇ ಡಿಸೆಂಬರ್‌ನಲ್ಲಿ ಹೊಸ ಪಾರ್ಲಿಮೆಂಟ್ 1980ರ ಬಜೆಟ್ಟನ್ನು ತಿರಸ್ಕರಿಸಿತು. ಮತ್ತೆ 1984ರಲ್ಲೂ. ಆದರೆ ಬಜೆಟ್ ಇಲ್ಲದಿದ್ದರೆ ಯುರೋಪ್ ನಿಲ್ಲುವುದಿಲ್ಲ, ತಿಂಗಳಿಗೆ ಹಿಂದಿನ ವರ್ಷದ ಹನ್ನೆರಡನೇ ಒಂದು ಭಾಗದಂತೆ ಖರ್ಚು ನಡೆಯುತ್ತದೆ. ಹಳೆಯ ಖರ್ಚು ಸಾಗುತ್ತದೆ, ಹೊಸ ಯೋಜನೆ ಸಿಕ್ಕಿಕೊಳ್ಳುತ್ತದೆ. ಹೊಸದು ಬೇಕು ಎನ್ನುವವರು ಯಾರು? ಪಾರ್ಲಿಮೆಂಟಿನವರೇ. ಹಾಗಾಗಿ ಈ ಬೆದರಿಕೆಗೆ ಹಲ್ಲಿಲ್ಲ ಎಂದು ಎದುರಿನವರಿಗೂ ಗೊತ್ತು. 2010, 2012, 2014, 2018ರಲ್ಲಿ 21 ದಿನದೊಳಗೆ ರಾಜಿ ಆಗಲಿಲ್ಲ, ಆದರೂ ಪ್ರತಿ ಸಲವೂ ಡಿಸೆಂಬರ್‌ನಲ್ಲಿ ಹೇಗೋ ಮುಗಿಯಿತು. ಮುಗಿಯುವುದು ಎಲ್ಲಿ? ಮುಚ್ಚಿದ ಕೋಣೆಯಲ್ಲಿ, ತಡರಾತ್ರಿ. ಬಹಿರಂಗ ಚರ್ಚೆ ಎನ್ನುತ್ತಾರಲ್ಲ, ಆ ಭಾಗ ಯಾರಿಗೂ ಕಾಣುವುದಿಲ್ಲ.

ತಮ್ಮ ಸ್ವಂತ ಖರ್ಚಿನ ವಿಷಯದಲ್ಲಂತೂ ಕೌನ್ಸಿಲ್ಲಿಗೂ ಪಾರ್ಲಿಮೆಂಟಿಗೂ 1970ರಿಂದ ಒಂದು ಒಳ ಒಪ್ಪಂದ ಇದೆ: ನಿನ್ನ ಆಫೀಸ್ ಖರ್ಚು ನಾನು ಕೆದಕಲ್ಲ, ನನ್ನದು ನೀನು ಕೆದಕಬೇಡ. ಇನ್ನು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಊರಿಗೆ ಓಡಾಟ. ವರ್ಷಕ್ಕೆ ಹನ್ನೆರಡು ಸಲ ಇಡೀ ಪಾರ್ಲಿಮೆಂಟ್ ಬ್ರಸೆಲ್ಸ್‌ನಿಂದ ಅಲ್ಲಿಗೆ ಗಂಟುಮೂಟೆ ಕಟ್ಟಬೇಕು. ಬ್ರಸೆಲ್ಸ್‌ನಲ್ಲೇ ಇದ್ದರೆ ವರ್ಷಕ್ಕೆ 11.4 ಕೋಟಿ ಯೂರೋ ಉಳಿಯುತ್ತದೆ ಎಂದು ಯುರೋಪಿನ ಲೆಕ್ಕ ಪರಿಶೋಧಕರೇ 2014ರಲ್ಲಿ ಹೇಳಿದ್ದರು. ಸದಸ್ಯರಲ್ಲಿ ಬಹಳ ಜನಕ್ಕೆ ಇದು ನಿಲ್ಲಬೇಕು ಅಂತಲೇ ಇದೆ. ಒಂದೇ ವಾರದಲ್ಲಿ ಎರಡು ಅಧಿವೇಶನ ಮುಗಿಸಿ ಒಂದು ಪ್ರಯಾಣ ಉಳಿಸಲು ನೋಡಿದರು, ಫ್ರಾನ್ಸ್ ಕೋರ್ಟಿಗೆ ಹೋಯಿತು, 2012ರಲ್ಲಿ ಕೋರ್ಟ್ ಅದನ್ನು ರದ್ದು ಮಾಡಿತು. ಬೇರೆಯವರ ಬಜೆಟ್ಟಿನ ಸಾವಿರ ಸಾಲು ತಿದ್ದುವವರಿಗೆ ತಮ್ಮ ಪ್ರಯಾಣದ ಈ ಒಂದು ಸಾಲನ್ನು ಹೊಡೆದುಹಾಕುವ ಹಕ್ಕಿಲ್ಲ, ಅದಕ್ಕೆ ಎಲ್ಲ ದೇಶಗಳೂ ಸೇರಿ ಮೂಲ ಒಪ್ಪಂದವನ್ನೇ ಬದಲಿಸಬೇಕು.