ಡೇಟಾ ಎಲ್ಲಿ ಬೇಕಾದರೂ ಸಿಗುತ್ತೆ, ನಿಮ್ಮ ನಂಬರ್ ಕಥೆ ಏನು?

ವಿದೇಶಕ್ಕೆ ಹೊರಟವರು ಮೊಬೈಲ್ ವಿಷಯದಲ್ಲಿ ಕೇಳುವುದು ಒಂದೇ ಪ್ರಶ್ನೆ. ಅಲ್ಲಿ ಯಾವ ಸಿಮ್ ತಗೊಳ್ಳೋದು? ಎಷ್ಟು ಜಿಬಿ ಕೊಡ್ತಾರೆ, ಎಷ್ಟು ದಿನ ಬರುತ್ತೆ, ಏರ್‌ಪೋರ್ಟ್‌ನಲ್ಲೇ ಸಿಗುತ್ತಾ, ಹೀಗೆ ಚರ್ಚೆ ಗಂಟೆಗಟ್ಟಲೆ ನಡೆಯುತ್ತದೆ. ಕೇಳಲಿ, ತಪ್ಪಿಲ್ಲ. ಆದರೆ ನನ್ನ ಮಟ್ಟಿಗೆ ಅದು ಈಗ ಅಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ವಿಷಯವೇ ಅಲ್ಲ. ಡೇಟಾ ಇವತ್ತು ಬಹುತೇಕ ಎಲ್ಲ ಕಡೆ ಸಿಗುತ್ತದೆ. ಒಂದು ಕಡೆ ಅಗ್ಗ, ಇನ್ನೊಂದು ಕಡೆ ದುಬಾರಿ, ಅಷ್ಟೇ. ದುಡ್ಡು ಕೊಟ್ಟರೂ ಅಲ್ಲಿ ಸಿಗದೇ ಇರುವುದು ನಿಮ್ಮ ಹಳೇ ನಂಬರ್. ನಿಮ್ಮ ಬ್ಯಾಂಕಿಗೆ, ಇಮೇಲ್‌ಗೆ, ವಾಟ್ಸಾಪ್‌ಗೆ ಗೊತ್ತಿರುವ ಆ ನಂಬರ್. ಅದಕ್ಕೆ ಬರಬೇಕಾದ ಆರಂಕಿಯ ಒಟಿಪಿ ಬರದಿದ್ದರೆ, ಫೋನಿನಲ್ಲಿ ನೂರು ಜಿಬಿ ಇದ್ದೂ ಹೋಟೆಲ್ ಬಿಲ್ ಕಟ್ಟಲು ಆಗುವುದಿಲ್ಲ.

ಹಾಗಾಗಿ ನಾನು ಹೇಳುವುದು ಇಷ್ಟು. ಡೇಟಾ ಬೇರೆ, ನಂಬರ್ ಬೇರೆ. ಎರಡನ್ನೂ ಒಂದೇ ಸಿಮ್‌ಗೆ ಕಟ್ಟಿಹಾಕಿ ಯೋಚಿಸುವುದನ್ನು ಬಿಡಿ. ತೊಂದರೆಗಳಲ್ಲಿ ಮುಕ್ಕಾಲು ಪಾಲು ಅಲ್ಲೇ ಕರಗುತ್ತವೆ.

ಮೊದಲು ರೋಮಿಂಗ್ ಅಂದರೆ ಒಳಗೆ ಏನು ನಡೆಯುತ್ತದೆ ನೋಡೋಣ. ವಿಮಾನ ಇಳಿದು ಏರ್‌ಪ್ಲೇನ್ ಮೋಡ್ ತೆಗೆದ ಕೂಡಲೇ ಫೋನ್ ಹತ್ತಿರದ ಟವರ್ ಹುಡುಕುತ್ತದೆ. ನಿಮ್ಮ ಸಿಮ್ ಒಳಗೆ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದರ ಮೊದಲ ಮೂರು ಅಂಕಿ ಯಾವ ದೇಶ ಅನ್ನುತ್ತವೆ, ಆಮೇಲಿನ ಎರಡೋ ಮೂರೋ ಅಂಕಿ ಯಾವ ಕಂಪನಿ ಅನ್ನುತ್ತವೆ. ಅಲ್ಲಿನ ನೆಟ್‌ವರ್ಕ್ ಅದನ್ನು ಓದಿ ನಿಮ್ಮ ಕಂಪನಿಯನ್ನು ವಿಚಾರಿಸುತ್ತದೆ. ಈ ಗಿರಾಕಿ ನಿಮ್ಮವರಾ? ರೋಮಿಂಗ್ ಹಾಕಿಸಿಕೊಂಡಿದ್ದಾರಾ? ಹೌದು ಅಂತ ಉತ್ತರ ಬಂದರೆ ಒಳಗೆ ಬಿಟ್ಟುಕೊಳ್ಳುತ್ತದೆ. ನೀವು ಬಳಸಿದ್ದಕ್ಕೆ ಅದು ನಿಮ್ಮ ಕಂಪನಿಗೆ ಸಗಟು ದರದಲ್ಲಿ ಬಿಲ್ ಕಳಿಸುತ್ತದೆ. ನಿಮ್ಮ ಕಂಪನಿ ಅದರ ಮೇಲೆ ತನ್ನ ಲಾಭ ಇಟ್ಟುಕೊಂಡು ನಿಮಗೆ ಬಿಲ್ ಕಳಿಸುತ್ತದೆ.

ಆ ಲಾಭ ಎಷ್ಟಿರಬಹುದು? ಇದಕ್ಕೆ ಯುರೋಪಿನ ಕಥೆ ಸಾಕು. ಯುರೋಪಿಯನ್ ಒಕ್ಕೂಟ 2007ರಲ್ಲಿ ರೋಮಿಂಗ್ ಕರೆಗಳ ದರಕ್ಕೆ ಮೊದಲ ಸಲ ಮಿತಿ ಹಾಕಿತು. ಆಮೇಲೆ ಹಂತಹಂತವಾಗಿ ಇಳಿಸುತ್ತಾ ಬಂತು. 2017ರ ಜೂನ್ 15ರಿಂದ ಒಕ್ಕೂಟದ ದೇಶಗಳ ಸಿಮ್ ಇಟ್ಟುಕೊಂಡು ಅದರ ಒಳಗೇ ಓಡಾಡುವವರಿಗೆ ಹೆಚ್ಚುವರಿ ರೋಮಿಂಗ್ ಶುಲ್ಕವೇ ಬೇಡ ಅಂತ ಮಾಡಿತು. ಈ ನಿಯಮ ಈಗ 2032ರವರೆಗೂ ಇದೆ. ಟವರ್ ಅದೇ, ತಂತಿ ಅದೇ. ಕಾನೂನು ಬದಲಾದ ಕೂಡಲೇ ಬಿಲ್ ಮಾಯ! ಅಂದರೆ ರೋಮಿಂಗ್ ದುಬಾರಿ ಆಗಿರುವುದಕ್ಕೆ ತಂತ್ರಜ್ಞಾನ ಕಾರಣ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮಜಾ ಏನೆಂದರೆ ಸ್ವಿಟ್ಜರ್ಲೆಂಡ್ ಆ ನಿಯಮದ ಒಳಗಿಲ್ಲ. ಫ್ರಾನ್ಸಿನಿಂದ ಜಿನೀವಾಕ್ಕೆ ರೈಲಿನಲ್ಲಿ ಹೋದರೆ ಕಿಟಕಿಯಾಚೆ ಏನೂ ಬದಲಾಗಿರುವುದಿಲ್ಲ, ಫೋನಿನ ಲೆಕ್ಕ ಮಾತ್ರ ಬದಲಾಗಿರುತ್ತದೆ. ಬ್ರಿಟನ್ ಕೂಡ ಒಕ್ಕೂಟ ಬಿಟ್ಟ ಮೇಲೆ ಹೊರಗೇ ಉಳಿಯಿತು. ಇನ್ನು ಹಡಗು, ವಿಮಾನಗಳ ಒಳಗಿನ ಮೊಬೈಲ್ ನೆಟ್‌ವರ್ಕ್ ಉಪಗ್ರಹದ ಮೂಲಕ ನಡೆಯುತ್ತದೆ. ಅದರ ದರ ಬೇರೆಯದೇ ಲೋಕ. ಸಮುದ್ರದ ಮೇಲೆ ಇರುವಷ್ಟು ಹೊತ್ತು ಏರ್‌ಪ್ಲೇನ್ ಮೋಡ್ ಹಾಕಿಟ್ಟು ಹಡಗಿನ ವೈಫೈ ಬಳಸುವುದೇ ವಾಸಿ.

ಬಿಲ್ ವಿಷಯ ಬಂದಾಗ ಎಲ್ಲರೂ ಡೇಟಾಗೆ ಹೆದರುತ್ತಾರೆ. ಕರೆಯಲ್ಲೂ ಒಂದು ಹೊಂಡ ಇದೆ. ನೀವು ಹೊರದೇಶದಲ್ಲಿದ್ದೀರಿ, ಊರಿಂದ ಯಾರೋ ಕಾಲ್ ಮಾಡುತ್ತಾರೆ ಅಂದುಕೊಳ್ಳಿ. ಕರೆ ಅಲ್ಲಿಂದ ನೀವಿರುವ ದೇಶಕ್ಕೆ ಬರುತ್ತದೆ. ನೀವು ಎತ್ತುವುದಿಲ್ಲ. ವಾಯ್ಸ್‌ಮೇಲ್ ಚಾಲೂ ಇದ್ದರೆ ಅದೇ ಕರೆ ಮತ್ತೆ ವಾಪಸ್ ಊರಿಗೆ ಹೋಗಿ ವಾಯ್ಸ್‌ಮೇಲ್‌ಗೆ ಸೇರಬಹುದು. ಒಂದು ಸಲ ಬಂದಿದ್ದಕ್ಕೆ, ಒಂದು ಸಲ ಹೋಗಿದ್ದಕ್ಕೆ, ಎರಡಕ್ಕೂ ಲೆಕ್ಕ. ನೀವು ಫೋನ್ ಮುಟ್ಟಿಯೇ ಇರುವುದಿಲ್ಲ! ಹೊರಡುವ ಮೊದಲು, ಎತ್ತದ ಕರೆಯನ್ನು ವಾಯ್ಸ್‌ಮೇಲ್‌ಗೆ ದಾಟಿಸುವ ಕಾಲ್ ಫಾರ್ವರ್ಡಿಂಗ್ ತೆಗೆದುಬಿಡಿ. ಡೇಟಾ ವಿಷಯವೂ ಹೀಗೇ. ದುಡ್ಡು ತಿನ್ನುವುದು ನೀವು ನೋಡುವ ವಿಡಿಯೊಗಿಂತ ನೀವು ನೋಡದೇ ಇರುವ ಕೆಲಸಗಳು. ಫೋಟೊ ಬ್ಯಾಕಪ್, ಆ್ಯಪ್ ಅಪ್‌ಡೇಟ್, ಗ್ರೂಪುಗಳಲ್ಲಿ ತಾನಾಗೇ ಡೌನ್‌ಲೋಡ್ ಆಗುವ ಗುಡ್ ಮಾರ್ನಿಂಗ್ ಚಿತ್ರಗಳು.

ಇದಕ್ಕೆಲ್ಲ ಈಗ ಸಲೀಸಾದ ದಾರಿ ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಇಂಟರ್‌ನೆಟ್‌ನಿಂದಲೇ ಫೋನಿಗೆ ಇಳಿಸಿಕೊಳ್ಳುವ ಸಿಮ್. ಹಳೇ ಸಿಮ್ ತೆಗೆಯಬೇಕಾಗಿಲ್ಲ, ಅದನ್ನು ಪರ್ಸಿನ ಮೂಲೆಯಲ್ಲಿಟ್ಟು ಕಳೆದುಕೊಳ್ಳುವ ಭಯವೂ ಇಲ್ಲ. ಹೊರಡುವ ಮೊದಲೇ ವೈಫೈನಲ್ಲಿ ಕೂತು ಇ-ಸಿಮ್ ಹಾಕಿಕೊಳ್ಳಿ. ಡೇಟಾ ಅದರಲ್ಲಿ ಬರಲಿ, ಹಳೇ ಸಿಮ್‌ನಲ್ಲಿ ಡೇಟಾ ರೋಮಿಂಗ್ ಮುಚ್ಚಿರಲಿ, ಆದರೆ ಆ ಸಿಮ್ ಚಾಲೂ ಇರಲಿ. ಎರಡು ಸಿಮ್ ಇರುವ ಕೆಲವು ಫೋನುಗಳಲ್ಲಿ ಒಂದರ ಸಿಗ್ನಲ್ ಬಿದ್ದರೆ ಇನ್ನೊಂದರ ಡೇಟಾಗೆ ತಾನಾಗೇ ಜಿಗಿಯುವ ಸೆಟ್ಟಿಂಗ್ ಇರುತ್ತದೆ. ಅದನ್ನು ಹುಡುಕಿ ಆಫ್ ಮಾಡಿ. ಕಂತಿನಲ್ಲಿ ಕಂಪನಿಯಿಂದಲೇ ಕೊಂಡ ಫೋನ್ ಆದರೆ ಲಾಕ್ ಆಗಿದೆಯಾ ಅಂತಲೂ ನೋಡಿ. ಲಾಕ್ ಇದ್ದರೆ ಬೇರೆ ಕಂಪನಿಯ ಸಿಮ್, ಇ-ಸಿಮ್ ಎರಡೂ ನಡೆಯುವುದಿಲ್ಲ.

ಇಲ್ಲಿ ಜಾಹೀರಾತಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆಯುವ ಒಂದು ವಿಷಯ ಇದೆ. ಪ್ರವಾಸಿಗರಿಗೆ ಮಾರುವ ಇ-ಸಿಮ್‌ಗಳಲ್ಲಿ ಹೆಚ್ಚಿನವು ಬರೀ ಡೇಟಾ. ಅದಕ್ಕೆ ಫೋನ್ ನಂಬರ್ ಇರುವುದೇ ಇಲ್ಲ. ಅಲ್ಲಿನ ಟ್ಯಾಕ್ಸಿ ಆ್ಯಪ್ ತೆರೆದರೆ ನಂಬರ್ ಕೇಳುತ್ತದೆ. ಸ್ಟೇಷನ್‌ನ ಉಚಿತ ವೈಫೈ ಕೂಡ ಎಷ್ಟೋ ಕಡೆ ಎಸ್‌ಎಂಎಸ್‌ನಲ್ಲಿ ಕೋಡ್ ಕಳಿಸುತ್ತದೆ. ಇಂಟರ್‌ನೆಟ್ ಬೇಕು ಅಂದರೆ ಮೊದಲು ನಂಬರ್ ಕೊಡಿ! ಒಂದೇ ದೇಶದಲ್ಲಿ ಜಾಸ್ತಿ ದಿನ ಇರುವವರು ಪಾಸ್‌ಪೋರ್ಟ್ ತೋರಿಸಿ ಅಲ್ಲಿನದೇ ಸಿಮ್ ತಗೊಳ್ಳುವುದು ಒಳ್ಳೆಯದು.

ಇನ್ನೊಂದು ಸ್ವಾರಸ್ಯ ಹೇಳಲೇಬೇಕು. ಹಳೇ ಸಿಮ್‌ನಲ್ಲೇ ರೋಮಿಂಗ್ ಡೇಟಾ ಬಳಸಿದರೆ, ನಿಮ್ಮ ಇಂಟರ್‌ನೆಟ್ ಸಾಮಾನ್ಯವಾಗಿ ಮೊದಲು ಊರಿನ ಕಂಪನಿಗೆ ಹೋಗಿ ಅಲ್ಲಿಂದ ಹೊರಬೀಳುತ್ತದೆ. ದೂರ ಸುತ್ತುವುದರಿಂದ ಸ್ವಲ್ಪ ನಿಧಾನ. ಆದರೆ ಚೀನಾದಂಥ ಕಡೆ ಇದೇ ವರ. ಅಲ್ಲಿನ ಸಿಮ್‌ನಲ್ಲಿ ಗೂಗಲ್, ವಾಟ್ಸಾಪ್, ಫೇಸ್‌ಬುಕ್ ತೆರೆಯುವುದಿಲ್ಲ. ಹೊರಗಿನ ಸಿಮ್‌ನ ರೋಮಿಂಗ್‌ನಲ್ಲಿ ಸಾಮಾನ್ಯವಾಗಿ ತೆರೆಯುತ್ತವೆ. ಪ್ರವಾಸಿ ಇ-ಸಿಮ್‌ಗಳಲ್ಲಿ ಇದು ಇನ್ನೂ ವಿಚಿತ್ರ. ನೀವು ಇರುವುದು ಒಂದು ದೇಶ, ನಿಮ್ಮ ಇಂಟರ್‌ನೆಟ್ ಹೊರಬೀಳುವುದು ಮೂರನೇ ಯಾವುದೋ ದೇಶದಿಂದ. ಬ್ಯಾಂಕ್ ಆ್ಯಪ್‌ಗೆ ಅದೇ ಅನುಮಾನ. ನಿನ್ನೆ ಊರಲ್ಲಿದ್ದವರು ಇವತ್ತು ಅದ್ಯಾವುದೋ ದೇಶದಿಂದ ಲಾಗಿನ್ ಆಗ್ತಿದ್ದಾರಲ್ಲ ಅಂತ ಖಾತೆ ತಡೆಹಿಡಿದು, ನಿಮ್ಮ ನಂಬರ್‌ಗೆ ಒಟಿಪಿ ಕಳಿಸಿದ್ದೇವೆ ಅನ್ನುತ್ತದೆ.

ಬಂತಲ್ಲ, ಒಟಿಪಿ.

ರೋಮಿಂಗ್‌ನಲ್ಲಿ ಎಸ್‌ಎಂಎಸ್ ಕಳಿಸಲು ದುಡ್ಡು ಆಗುತ್ತದೆ, ಬರುವ ಎಸ್‌ಎಂಎಸ್‌ಗೆ ಹೆಚ್ಚಿನ ಕಂಪನಿಗಳು ಏನೂ ಹಾಕುವುದಿಲ್ಲ. ಆದರೆ ಅದು ಬರಬೇಕಾದರೆ ರೋಮಿಂಗ್ ಸೇವೆ ಮೊದಲೇ ಚಾಲೂ ಆಗಿರಬೇಕು. ಎಷ್ಟೋ ಕಂಪನಿಗಳಲ್ಲಿ ಅದನ್ನು ಊರು ಬಿಡುವ ಮೊದಲೇ ಮಾಡಿಸಬೇಕು. ಪ್ರೀಪೇಯ್ಡ್ ಆದರೆ ವ್ಯಾಲಿಡಿಟಿ ವಾಪಸ್ ಬರುವ ದಿನಕ್ಕಿಂತ ಮುಂದಕ್ಕೆ ಇರಬೇಕು. ತಿಂಗಳುಗಟ್ಟಲೆ ರೀಚಾರ್ಜ್ ಇಲ್ಲದೆ ಬಿಟ್ಟ ನಂಬರನ್ನು ಕಂಪನಿಗಳು ಬೇರೆಯವರಿಗೆ ಕೊಟ್ಟುಬಿಡುತ್ತವೆ. ನಿಮ್ಮ ಬ್ಯಾಂಕ್ ಒಟಿಪಿ ಗುರುತಿಲ್ಲದ ಯಾರದೋ ಫೋನಿಗೆ ಹೋಗುವುದನ್ನು ಯೋಚಿಸಿ. ಓದಲು, ಕೆಲಸಕ್ಕೆ ಅಂತ ಹೊರಗೆ ಹೋಗಿ ನೆಲೆ ನಿಂತವರು ಈ ವಿಷಯದಲ್ಲಿ ಪ್ರವಾಸಿಗರಿಗಿಂತ ಜಾಸ್ತಿ ಎಚ್ಚರ ಇರಬೇಕು. ಅಂದ ಹಾಗೆ, ಹೊಸ ಸಿಮ್ ಹಾಕಿದಾಗ ವಾಟ್ಸಾಪ್ ನಂಬರ್ ಬದಲಿಸಬೇಕಾ ಅಂತ ಕೇಳಿದರೆ ಬೇಡ ಅನ್ನಿ. ಹಳೇ ನಂಬರ್‌ನಲ್ಲೇ ಅದು ಯಾವ ಡೇಟಾದ ಮೇಲಾದರೂ ಓಡುತ್ತದೆ.

ನನಗೆ ಸಿಟ್ಟು ಬರುವುದು ಇದಕ್ಕೆ. ಇಷ್ಟೆಲ್ಲ ಸರ್ಕಸ್ ಮಾಡಿ ಕಾಯುವ ಆ ಎಸ್‌ಎಂಎಸ್ ಒಟಿಪಿ ಅಷ್ಟೇನೂ ಭದ್ರವೂ ಅಲ್ಲ. ಕಾರಣ ಇರುವುದು ರೋಮಿಂಗ್‌ನ ಬುಡದಲ್ಲೇ. ಮೊದಲು ಹೇಳಿದೆನಲ್ಲ, ನೆಟ್‌ವರ್ಕ್‌ಗಳು ಒಂದನ್ನೊಂದು ಕೇಳಿಕೊಳ್ಳುತ್ತವೆ ಅಂತ. ಆ ಮಾತುಕತೆಗೆ ಬಹುಕಾಲದಿಂದ ಬಳಸುತ್ತಿರುವುದು ಎಸ್‌ಎಸ್7 ಅನ್ನುವ ವ್ಯವಸ್ಥೆ. ಅದು ಹುಟ್ಟಿದ್ದು 1970ರ ದಶಕದಲ್ಲಿ. ಆಗ ಟೆಲಿಫೋನ್ ಕಂಪನಿಗಳು ಕೆಲವೇ ಕೆಲವು, ಬಹಳ ದೇಶಗಳಲ್ಲಿ ಸರ್ಕಾರದವೇ. ಹಾಗಾಗಿ ಒಬ್ಬರ ಮಾತನ್ನು ಇನ್ನೊಬ್ಬರು ನಂಬುವುದು ಅಂತಲೇ ಅದನ್ನು ಕಟ್ಟಿದರು. ದೂರದ ಯಾವುದೋ ನೆಟ್‌ವರ್ಕ್ 'ಈ ಗಿರಾಕಿ ಈಗ ನನ್ನ ಹತ್ತಿರ ಇದ್ದಾರೆ, ಅವರ ಮೆಸೇಜ್ ಇತ್ತ ಕಳಿಸಿ' ಅಂದರೆ ಕಳಿಸುತ್ತದೆ. ಜರ್ಮನಿಯಲ್ಲಿ 2017ರಲ್ಲಿ ಕಳ್ಳರು ಮಾಡಿದ್ದು ಇದನ್ನೇ. ಮೊದಲು ಜನರ ಬ್ಯಾಂಕ್ ಪಾಸ್‌ವರ್ಡ್ ಕದ್ದರು. ಆಮೇಲೆ ಒಂದು ವಿದೇಶಿ ನೆಟ್‌ವರ್ಕ್ ಮೂಲಕ ಅವರ ಎಸ್‌ಎಂಎಸ್‌ಗಳನ್ನು ತಮ್ಮ ಕಡೆ ತಿರುಗಿಸಿಕೊಂಡು ಖಾತೆ ಖಾಲಿ ಮಾಡಿದರು. ಆ ಗಿರಾಕಿಗಳು ಊರು ಬಿಟ್ಟು ಎಲ್ಲೂ ಹೋಗಿರಬೇಕಾಗಿಯೇ ಇರಲಿಲ್ಲ. ಅದೇ ವರ್ಷ ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ ಎಸ್‌ಎಂಎಸ್ ಕೋಡ್‌ಗಳನ್ನು ನಿರ್ಬಂಧಿತ ವಿಧಾನಗಳ ಸಾಲಿಗೆ ಸೇರಿಸಿತು. ಸಿಂಗಾಪುರದ ದೊಡ್ಡ ಬ್ಯಾಂಕುಗಳು ಡಿಜಿಟಲ್ ಟೋಕನ್ (ಫೋನಿನಲ್ಲೇ ಗುರುತು ಖಚಿತಪಡಿಸುವ ವ್ಯವಸ್ಥೆ) ಬಳಸುವ ಗಿರಾಕಿಗಳಿಗೆ ಲಾಗಿನ್ ಒಟಿಪಿ ನಿಲ್ಲಿಸುತ್ತವೆ ಅಂತ ಅಲ್ಲಿನ ಕೇಂದ್ರ ಬ್ಯಾಂಕ್ 2024ರ ಜುಲೈನಲ್ಲಿ ಹೇಳಿತು. ಆಗುವ ಕೆಲಸವೇ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಎಲ್ಲ ಬ್ಯಾಂಕ್‌ಗಳೂ ಬದಲಾಗುವವರೆಗೆ ನಾವೇ ಮಾಡಿಕೊಳ್ಳಬಹುದಾದದ್ದು ಇದೆ. ಇಮೇಲ್ ಮತ್ತು ಉಳಿದ ಖಾತೆಗಳಿಗೆ ಎಲ್ಲೆಲ್ಲಿ ಆಗುತ್ತದೋ ಅಲ್ಲೆಲ್ಲ ಅಥೆಂಟಿಕೇಟರ್ ಆ್ಯಪ್ ಇಟ್ಟುಕೊಳ್ಳಿ. ಅದು ಸಾಮಾನ್ಯವಾಗಿ 30 ಸೆಕೆಂಡಿಗೊಂದು ಕೋಡ್ ತೋರಿಸುತ್ತದೆ. ಫೋನಿನ ಒಳಗಿರುವ ಒಂದು ಗುಟ್ಟಿನ ಸಂಖ್ಯೆ ಮತ್ತು ಗಡಿಯಾರ, ಇವೆರಡರಿಂದಲೇ ಲೆಕ್ಕ ಹಾಕುತ್ತದೆ. ಅದಕ್ಕೆ ನೆಟ್‌ವರ್ಕ್ ಬೇಡ, ಸಿಮ್ ಬೇಡ. ವಿಮಾನದಲ್ಲಿ ಕೂತಾಗಲೂ ನಡೆಯುತ್ತದೆ. ಒಂದೇ ಎಚ್ಚರ. ಹೊಸ ದೇಶಕ್ಕೆ ಹೋದಾಗ ಕೈಯಾರೆ ಗಂಟೆಯ ಮುಳ್ಳು ತಿರುಗಿಸಿದ ಹಾಗೆ ಫೋನಿನ ಸಮಯ ಬದಲಿಸಬೇಡಿ. ಟೈಮ್ ಝೋನ್ ಬದಲಿಸಿ. ಸಮಯವನ್ನೇ ತಿದ್ದಿದರೆ ಒಳಗಿನ ಲೆಕ್ಕ ತಪ್ಪಿ ಕೋಡ್‌ಗಳೆಲ್ಲ ಸುಳ್ಳಾಗುತ್ತವೆ. ಜೊತೆಗೆ, ಆ್ಯಪ್ ಕೈಗೆ ಸಿಗದಾಗ ಬಳಸಲು ಖಾತೆಗಳು ಕೊಡುವ ಬ್ಯಾಕಪ್ ಕೋಡ್‌ಗಳನ್ನು ಒಂದು ಕಾಗದದಲ್ಲಿ ಬರೆದು ಫೋನ್ ಇಲ್ಲದ ಬ್ಯಾಗಿನಲ್ಲಿಡಿ. ಫೋನ್ ಕಳೆದರೆ ಅದರೊಳಗಿನ ಯಾವ ಆ್ಯಪ್ ಇದ್ದೂ ಪ್ರಯೋಜನ ಇಲ್ಲ ಅಲ್ವಾ?

ಫೋನ್ ಕಳ್ಳತನದ ಬಗ್ಗೆ ಜನ ಮರೆಯುವ ಒಂದು ಮಾತು ಸಿಮ್ ಪಿನ್. ಸ್ಕ್ರೀನ್ ಲಾಕ್ ಎಷ್ಟೇ ಗಟ್ಟಿ ಇರಲಿ, ಕಳ್ಳ ಸಿಮ್ ಕಿತ್ತು ಬೇರೆ ಫೋನಿಗೆ ಹಾಕಿದರೆ ನಿಮ್ಮ ಒಟಿಪಿ ಅವನ ಕೈಗೆ. ಸಿಮ್‌ಗೇ ಪಿನ್ ಹಾಕಿದ್ದರೆ ಹೊಸ ಫೋನಿನಲ್ಲಿ ಅದು ತೆರೆಯುವುದಿಲ್ಲ. ಮೂರು ಸಲ ತಪ್ಪು ಒತ್ತಿದರೆ, ಲಾಕ್ ಆದ ಸಿಮ್ ಬಿಡಿಸುವ ಪಿಯುಕೆ ಕೋಡ್ ಕೇಳುತ್ತದೆ. ಅದನ್ನೂ ಆ ಕಾಗದದಲ್ಲೇ ಬರೆದಿಡಿ. ಹಾಗೇ *#06# ಒತ್ತಿದರೆ ಬರುವ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆಯೂ ಅಲ್ಲಿರಲಿ, ಪೊಲೀಸ್ ದೂರಿಗೆ ಬೇಕಾಗುತ್ತದೆ.

ಸಣ್ಣಪುಟ್ಟ ವಿಷಯಗಳನ್ನು ಬೇಗ ಮುಗಿಸುತ್ತೇನೆ. ಜಿಪಿಎಸ್‌ಗೆ ಡೇಟಾ ಬೇಡ, ಮ್ಯಾಪ್ ಮೊದಲೇ ಇಳಿಸಿಕೊಂಡಿದ್ದರೆ ಸಿಮ್ ಇಲ್ಲದ ಫೋನೂ ದಾರಿ ತೋರಿಸುತ್ತದೆ. ತೀರಾ ಹಳೇ ಫೋನ್ ಒಯ್ಯಬೇಡಿ. ಅಮೆರಿಕದಲ್ಲಿ 2022ರಲ್ಲಿ, ಆಸ್ಟ್ರೇಲಿಯಾದಲ್ಲಿ 2024ರ ಕೊನೆಯಲ್ಲಿ ದೊಡ್ಡ ಕಂಪನಿಗಳು 3ಜಿ ಮುಚ್ಚಿದವು. 4ಜಿ ಮೇಲೆ ಕರೆ ಮಾಡಲು ಬಾರದ ಫೋನ್ ಅಲ್ಲಿ ಇಂಟರ್‌ನೆಟ್ ಇದ್ದೂ ಮೂಕ. ತುರ್ತು ನಂಬರ್ 112 ಬಹಳ ದೇಶಗಳಲ್ಲಿ ನಡೆಯುತ್ತದೆ, ಆದರೆ ಜರ್ಮನಿಯಲ್ಲಿ 2009ರಿಂದ ಸಿಮ್ ಇಲ್ಲದ ಫೋನಿನಿಂದ ಅದು ಹೋಗುವುದಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವ ಹಾಗಿಲ್ಲ. 100 ವ್ಯಾಟ್-ಅವರ್‌ವರೆಗೆ ಸಾಮಾನ್ಯವಾಗಿ ಬಿಡುತ್ತಾರೆ. 20,000 ಎಂಎಎಚ್‌ನದು ಸುಮಾರು 74 ಆಗುತ್ತದೆ. 2025ರಲ್ಲಿ ಕೆಲವು ವಿಮಾನ ಕಂಪನಿಗಳು ಹಾರಾಟದ ನಡುವೆ ಅದನ್ನು ಬಳಸುವುದನ್ನೇ ನಿಲ್ಲಿಸಿವೆ.

ಒಟಿಪಿ ಬೇಡ ಅಂದರೆ ಒಂದು ಆಕ್ಷೇಪ ಬಂದೇ ಬರುತ್ತದೆ. ಸ್ಮಾರ್ಟ್‌ಫೋನ್ ಇಲ್ಲದವರು, ವಯಸ್ಸಾದವರು ಏನು ಮಾಡಬೇಕು? ನ್ಯಾಯವಾದ ಪ್ರಶ್ನೆ. ಕೀಪ್ಯಾಡ್ ಫೋನ್ ಇರುವವರಿಗೆ ಎಸ್‌ಎಂಎಸ್ ಇರಲಿ, ಯಾರು ಬೇಡ ಅಂದರು? ಆದರೆ ಆ್ಯಪ್ ಇರುವವರಿಗೂ ಅದೊಂದೇ ದಾರಿ ಅನ್ನುವುದು ಯಾಕೆ? ಆ್ಯಪ್ ಒಳಗೇ ಒಪ್ಪಿಗೆ ಒತ್ತುವ ವ್ಯವಸ್ಥೆ ಯಾವ ವೈಫೈ ಮೇಲಾದರೂ ನಡೆಯುತ್ತದೆ. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಈ ದೇಶದಲ್ಲಿರುತ್ತೇನೆ ಅಂತ ಮೊದಲೇ ತಿಳಿಸುವ ಸೌಲಭ್ಯ ಕೆಲವು ಬ್ಯಾಂಕುಗಳಲ್ಲಿ ಈಗಾಗಲೇ ಇದೆ. ಅದರ ಪಕ್ಕದಲ್ಲೇ 'ಅಲ್ಲಿಯವರೆಗೆ ಎಸ್‌ಎಂಎಸ್ ಬೇಡ, ಆ್ಯಪ್‌ನಲ್ಲೇ ಕೇಳಿ' ಅನ್ನುವ ಇನ್ನೊಂದು ಗುಂಡಿ ಇಟ್ಟರೆ ಸಾಕು.