ಹನ್ನೊಂದನೇ ಕ್ಯಾಬಿನ್‌ನ ಮಕ್ಕಳು

ಹೋದ ತಿಂಗಳು ಮನೆಯಲ್ಲೊಂದು ನಾಮಕರಣ ಇತ್ತು. ಊಟ ಆದಮೇಲೆ ನನ್ನ ಮಗ ಮೂಲೆಯಲ್ಲಿ, ಗ್ರೀಕ್ ದೇವರುಗಳು ಬರುವ ಮಕ್ಕಳ ಕಾದಂಬರಿ, ಪರ್ಸಿ ಜಾಕ್ಸನ್ ಪುಸ್ತಕ ಹಿಡಿದು ಕೂತಿದ್ದ. ಅದನ್ನು ನೋಡಿ ದೊಡ್ಡಪ್ಪ ಕೇಳಿದರು, "ನಮ್ಮ ಮಹಾಭಾರತ ಇರುವಾಗ ಆ ಗ್ರೀಕ್ ದೇವರುಗಳು ಯಾಕಮ್ಮ ಇವನಿಗೆ?" ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನು ಚಿಕ್ಕವಳಿದ್ದಾಗ ಕರ್ಣನ ಕತೆ ಹೇಳಿ ಅಳಿಸಿದವರೇ ಅವರು. ಅವತ್ತು ಜನ ಜಾಸ್ತಿ ಇದ್ದರು, ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮಗನಿಗೆ ಹನ್ನೊಂದು ವರ್ಷ. ಡಿಸ್ಲೆಕ್ಸಿಯಾ ಇದೆ, ಅಂದರೆ ಅಕ್ಷರ ಗುರುತಿಸಿ ಓದುವುದು ಕಷ್ಟವಾಗುವ ತೊಂದರೆ. ಕೇಳಿದ ಕತೆ ಒಂದೂ ಮರೆಯುವುದಿಲ್ಲ, ಆದರೆ ನಾಲ್ಕು ಸಾಲು ಓದುವಷ್ಟರಲ್ಲಿ ಸುಸ್ತಾಗಿಬಿಡುತ್ತಾನೆ. ಮೂರನೇ ಕ್ಲಾಸಿನಲ್ಲಿ ಟೀಚರೊಬ್ಬರು ಎಲ್ಲರೆದುರು ನಿಲ್ಲಿಸಿ ಓದಿಸಿದರು. ತಡವರಿಸಿದ್ದಕ್ಕೆ 'ಸೋಮಾರಿ' ಅಂದರು. ಆಮೇಲೆ ಒಂದು ವರ್ಷ ಅವನು ಕತೆ ಪುಸ್ತಕ ಮುಟ್ಟಲೇ ಇಲ್ಲ.

ಈ ಕತೆಗಳನ್ನು ಬರೆದ ರಿಕ್ ರಿಯರ್ಡನ್ ಅಮೆರಿಕದಲ್ಲಿ ಶಾಲಾ ಮೇಷ್ಟರಾಗಿದ್ದವರು. ಅವರ ಮಗನಿಗೂ ಡಿಸ್ಲೆಕ್ಸಿಯಾ ಇತ್ತು, ಜೊತೆಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ. ರಾತ್ರಿ ಮಲಗುವಾಗ ಮಗನಿಗೆ ಗ್ರೀಕ್ ಪುರಾಣದ ಕತೆ ಹೇಳುತ್ತಿದ್ದರು. ಗೊತ್ತಿದ್ದ ಕತೆಗಳೆಲ್ಲ ಮುಗಿದವು. ಹೊಸದು ಕಟ್ಟಿ ಹೇಳು ಅಂತ ಹುಡುಗ ಹಟ ಹಿಡಿದ. ಹಾಗೆ ಹುಟ್ಟಿದವನು ಪರ್ಸಿ. ಮೊದಲ ಪುಸ್ತಕ 2005ರಲ್ಲಿ ಬಂತು, ಐದನೆಯದು 2009ರಲ್ಲಿ.

ಪರ್ಸಿಗೆ ಹನ್ನೆರಡು ವರ್ಷ. ಒಂದಾದ ಮೇಲೊಂದು ಶಾಲೆಯಿಂದ ಹೊರಗೆ ಹಾಕಿಸಿಕೊಂಡ ಹುಡುಗ. ಅಕ್ಷರಗಳು ಅವನ ಕಣ್ಣೆದುರು ತೇಲಾಡುತ್ತವೆ. ದೇವರಿಗೂ ಮನುಷ್ಯರಿಗೂ ಹುಟ್ಟಿದ ಮಕ್ಕಳ ಶಿಬಿರಕ್ಕೆ ಬಂದಾಗ ಅವನಿಗೆ ಕಾರಣ ಗೊತ್ತಾಗುತ್ತದೆ. ಅವನ ಮಿದುಳು ಪ್ರಾಚೀನ ಗ್ರೀಕ್ ಓದುವುದಕ್ಕೆ ಹೊಂದಿಕೊಂಡಿದೆ. ಕೂತಲ್ಲಿ ಕೂರಲಾಗದ ಚಡಪಡಿಕೆ ಯುದ್ಧದಲ್ಲಿ ಜೀವ ಉಳಿಸುವ ಚುರುಕು. ಆ ಪುಟವನ್ನು ನಾನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿದೆ. ಮಲಗಿದ್ದವನು ಎದ್ದು ಕೂತ. "ಇನ್ನೊಂದು ಸಲ ಓದಮ್ಮ" ಅಂದ. ಮೂರು ಸಲ ಓದಿದೆ.

ಡಿಸ್ಲೆಕ್ಸಿಯಾ ವರ ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಸ್ಪೆಷಲ್ ಎಜುಕೇಟರ್ ಬೇಕು, ದಿನದಿನದ ಅಭ್ಯಾಸ ಬೇಕು. ಬೆಂಗಳೂರಿನವರಾದರೆ ನಿಮ್ಹಾನ್ಸ್‌ನಲ್ಲಿ ಪರೀಕ್ಷೆ ಮಾಡಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕೆಯ ಈ ತೊಂದರೆಗೂ ಜಾಗ ಇದೆ. ಅದೆಲ್ಲ ಮಾಡಿಸಲೇಬೇಕು. ಆದರೆ ತನ್ನಂಥವನೊಬ್ಬ ಕತೆಯ ನಾಯಕ ಅಂತ ತಿಳಿದಾಗ ಅವನ ಮುಖದಲ್ಲಿ ಬಂದ ಬೆಳಕನ್ನು ಯಾವ ಸರ್ಟಿಫಿಕೇಟೂ ತಂದಿರಲಿಲ್ಲ.

ಈಗ ಕ್ಯಾಬಿನ್‌ಗಳ ವಿಷಯಕ್ಕೆ ಬರುತ್ತೇನೆ. ಈ ಕತೆಯ ಜೀವ ಅಲ್ಲಿದೆ ಅಂತ ನನಗನಿಸುತ್ತದೆ. ಶಿಬಿರದಲ್ಲಿ ಮಕ್ಕಳು ಉಳಿಯುವ ಹನ್ನೆರಡು ಕ್ಯಾಬಿನ್‌ಗಳಿವೆ, ಒಂದೊಂದು ದೇವರಿಗೆ ಒಂದೊಂದು. ಹೇರಾಳದು ಖಾಲಿ. ಆರ್ಟೆಮಿಸ್‌ಳದೂ ಬರೀ ಗೌರವಕ್ಕೆ ಕಟ್ಟಿದ್ದು. ಹನ್ನೊಂದನೆಯದು ಹರ್ಮೀಸ್‌ನದು. ಅವನು ದಾರಿಹೋಕರ ದೇವರು, ಯಾರನ್ನೂ ಬೇಡ ಅನ್ನುವುದಿಲ್ಲ. ಹಾಗಾಗಿ ಯಾವ ದೇವರೂ 'ಇದು ನನ್ನ ಮಗು' ಅಂತ ಹೇಳದ ಮಕ್ಕಳೆಲ್ಲ ಅಲ್ಲೇ. ಮಂಚ ಸಾಲದೆ ನೆಲದ ಮೇಲೆ ಮಲಗುತ್ತಾರೆ. ಪಕ್ಕದಲ್ಲೇ ಖಾಲಿ ಮನೆ, ಇಲ್ಲಿ ಕಾಲಿಡಲು ಜಾಗವಿಲ್ಲ. ಪರ್ಸಿಯನ್ನೂ ಮೊದಲು ಅಲ್ಲಿಗೇ ಹಾಕುತ್ತಾರೆ. ಸಮುದ್ರದೇವ ಪೊಸೈಡನ್ ತನ್ನ ಅಪ್ಪ ಅಂತ ಅವನಿಗೆ ಆಮೇಲೆ ಗೊತ್ತಾಗುತ್ತದೆ. ಆದರೆ ಹನ್ನೊಂದರಲ್ಲಿ ಉಳಿದ ಮಕ್ಕಳು? ಅವರು ಕಾಯುತ್ತಲೇ ಇರುತ್ತಾರೆ. ಮುಂದಿನ ಪುಸ್ತಕಗಳಲ್ಲಿ ಬರುವ ದೊಡ್ಡ ಯುದ್ಧಕ್ಕೆ ಕಿಡಿ ಬೀಳುವುದೇ ಈ ಮಕ್ಕಳ ನೋವಿನಿಂದ.

ಇದನ್ನು ಲೇಖಕರು ಸುಮ್ನೆ ಕಟ್ಟಿದ್ದಲ್ಲ. ಗ್ರೀಕ್ ಪುರಾಣದಲ್ಲೇ ಫೇಥಾನ್ ಅಂತ ಒಬ್ಬ ಹುಡುಗ ಇದ್ದಾನೆ, ಸೂರ್ಯನ ಮಗ. ನಿನ್ನಪ್ಪ ಸೂರ್ಯ ಅನ್ನುವುದಕ್ಕೆ ಸಾಕ್ಷಿ ಏನು ಅಂತ ಜೊತೆಯವನು ಹಂಗಿಸುತ್ತಾನೆ. ಹುಡುಗ ಅಪ್ಪನನ್ನು ಹುಡುಕಿಕೊಂಡು ಹೋಗಿ ಅವನ ರಥ ಕೇಳುತ್ತಾನೆ. ಕುದುರೆಗಳು ಹಿಡಿತಕ್ಕೆ ಸಿಗುವುದಿಲ್ಲ, ಭೂಮಿ ಉರಿಯತೊಡಗುತ್ತದೆ. ಕೊನೆಗೆ ಸಿಡಿಲು ಬಡಿದು ಸಾಯುತ್ತಾನೆ. ಈ ಕತೆ ಹೇಳಿ ಮುಗಿಸಿದಾಗ ನನಗೆ ದೊಡ್ಡಪ್ಪನೇ ನೆನಪಾದರು. ತುಂಬಿದ ರಂಗದಲ್ಲಿ ಕೃಪಾಚಾರ್ಯ ಕುಲ ಯಾವುದು ಅಂತ ಕೇಳಿದಾಗ ತಲೆ ತಗ್ಗಿಸಿ ನಿಂತವನೂ ಸೂರ್ಯನ ಮಗನೇ ಅಲ್ವಾ? ಅವತ್ತೇ ರಾತ್ರಿ ಮಗನಿಗೆ ಕರ್ಣನ ಕತೆ ಹೇಳಿದೆ. ಪೂರ್ತಿ ಕೇಳಿ ಅವನು ಒಂದೇ ಪ್ರಶ್ನೆ ಕೇಳಿದ. "ಹಾಗಾದ್ರೆ ಕರ್ಣನೂ ಹನ್ನೊಂದನೇ ಕ್ಯಾಬಿನ್ನಾ?"

ದೊಡ್ಡಪ್ಪ, ನಿಮ್ಮ ಪ್ರಶ್ನೆಗೆ ಇದು ನನ್ನ ಉತ್ತರ. ಗ್ರೀಕ್ ದೇವರುಗಳು ಇವನನ್ನು ಮಹಾಭಾರತದಿಂದ ದೂರ ಒಯ್ಯಲಿಲ್ಲ. ಕೈಹಿಡಿದು ಕರ್ಣನ ಬಳಿಗೇ ತಂದರು. 'ರಿಕ್ ರಿಯರ್ಡನ್ ಪ್ರೆಸೆಂಟ್ಸ್' ಅನ್ನುವ ಮಾಲಿಕೆಯಲ್ಲಿ ಬೇರೆ ಲೇಖಕರ ಪುಸ್ತಕಗಳೂ ಬಂದಿವೆ. ಅವುಗಳಲ್ಲಿ 2018ರಲ್ಲಿ ಬಂದ ರೋಶನಿ ಚೋಕ್ಷಿ ಅವರ ಅರು ಶಾ ಕತೆ ಪಾಂಡವರ ಆತ್ಮ ಹೊತ್ತು ಹುಟ್ಟಿದ ಹುಡುಗಿಯರದು. ಅಂಥದ್ದೊಂದನ್ನು ನಮ್ಮ ಮಕ್ಕಳ ಮಾತಿನಲ್ಲೇ, ಕನ್ನಡದಲ್ಲಿ, ಬರೆಯುವವರಿದ್ದರೆ ನಾನು ಹತ್ತು ಪ್ರತಿ ಕೊಂಡು ಹಂಚುತ್ತೇನೆ.

ಮೊದಲ ಪುಸ್ತಕದಲ್ಲಿ ನನಗೆ ಇನ್ನೂ ಕಾಡುವ ಜಾಗ ಒಂದಿದೆ. ಪ್ರೊಕ್ರಸ್ಟೀಸ್ ಪುರಾಣದಲ್ಲಿ ದಾರಿಹೋಕರನ್ನು ಮಂಚಕ್ಕೆ ಕಟ್ಟುವ ದರೋಡೆಕೋರ. ಕುಳ್ಳಗಿದ್ದವರನ್ನು ಎಳೆದು ಉದ್ದ ಮಾಡುತ್ತಾನೆ, ಉದ್ದವಿದ್ದವರ ಕಾಲು ಕಡಿಯುತ್ತಾನೆ. ರಿಯರ್ಡನ್ ಅವನನ್ನು ಲಾಸ್ ಏಂಜಲೀಸ್‌ನಲ್ಲಿ ಹಾಸಿಗೆ ಅಂಗಡಿ ಮಾಲೀಕ ಮಾಡಿದ್ದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಾವು ಹೇಳುತ್ತೇವಲ್ಲ, ಅದನ್ನು ಕೇಳಿಕೊಂಡೇ ಬೆಳೆದವಳು ನಾನು. ಮಕ್ಕಳ ಕಾಲನ್ನು ಹಾಸಿಗೆಯ ಅಳತೆಗೆ ಎಳೆಯುವವರ ಬಗ್ಗೆ ಯೋಚಿಸಿರಲಿಲ್ಲ. ಆ ಪುಟ ಓದುವಾಗ ಮೂರನೇ ಕ್ಲಾಸಿನ ಆ ದಿನ ಕಣ್ಣಮುಂದೆ ಬಂದು, ಸ್ವಲ್ಪ ಹೊತ್ತು ನಿಲ್ಲಿಸಬೇಕಾಯಿತು.

ಐದೂ ಪುಸ್ತಕ ನಾನು ಮುಂಚೆಯೇ ಓದಿ ಮುಗಿಸಿದ್ದೇನೆ. ಓದಬೇಕೆಂದಿರುವವರು ಮುಂದಿನ ನಾಲ್ಕು ಸಾಲು ಬಿಟ್ಟುಬಿಡಿ. ಕೊನೆಯಲ್ಲಿ ದೇವರುಗಳು ಪರ್ಸಿಗೆ ಅಮರತ್ವ ಕೊಡಲು ಮುಂದಾಗುತ್ತಾರೆ. ಅವನು ಬೇಡ ಅನ್ನುತ್ತಾನೆ. ನಿಮ್ಮ ಮಕ್ಕಳನ್ನೆಲ್ಲ ಹದಿಮೂರು ತುಂಬುವುದರೊಳಗೆ ನಿಮ್ಮವರು ಅಂತ ಒಪ್ಪಿಕೊಳ್ಳಿ ಅಂತ ಕೇಳುತ್ತಾನೆ. ಚಿಕ್ಕಪುಟ್ಟ ದೇವರ ಮಕ್ಕಳಿಗೂ ಕ್ಯಾಬಿನ್ ಕಟ್ಟಿಸಿ ಅನ್ನುತ್ತಾನೆ.

ನನ್ನ ಮಗನಿಗೆ ಇದು ಇನ್ನೂ ಗೊತ್ತಿಲ್ಲ. ನಾವು ಮೂರನೇ ಪುಸ್ತಕದಲ್ಲಿದ್ದೇವೆ. ಈಗ ದಿನಾ ರಾತ್ರಿ ಮೊದಲ ಅರ್ಧ ಪುಟ ಅವನೇ ಓದುತ್ತಾನೆ, ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಂಡು. ಉಳಿದದ್ದು ನಾನು. ನಿನ್ನೆ ಮುಕ್ಕಾಲು ಪುಟ ಆಯಿತು.